ಕ್ಲಿನಿಕ್ ಜಾಗದ ಬಗ್ಗೆ ಪತ್ರ: ಕಳಿಸುವ ಮೊದಲು ಓದಿ

ಬಡಾವಣೆ ನಿವಾಸಿ ಸಂಘದ ಕಾರ್ಯದರ್ಶಿ, ಬೆಳಿಗ್ಗೆ 7:52
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಆಚೆ, ಕೂಲಿ ಕೆಲಸದವರ ಕಾಲೊನಿ ಪಕ್ಕದ ಸರ್ಕಾರಿ ‘ನಮ್ಮ ಕ್ಲಿನಿಕ್’ ಇರುವ ಕಟ್ಟಡದ ಬಾಡಿಗೆ ಕರಾರು ಮುಗಿಯುತ್ತಿದೆ. ಪಾಲಿಕೆಯವರು ಎರಡು ಜಾಗ ನೋಡಿದ್ದಾರೆ. ಒಂದು ನಮ್ಮ ಪಾರ್ಕ್ ಪಕ್ಕದ ಸಿಎ ಸೈಟ್‌ನಲ್ಲಿ (ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಖಾಲಿ ಬಿದ್ದಿರುವ ಎರಡು ರೂಮು. ಇನ್ನೊಂದು ರಿಂಗ್ ರೋಡ್ ಆಚೆ, ಮೊದಲ ಮಹಡಿ. ಸೋಮವಾರದೊಳಗೆ ಸಾರ್ವಜನಿಕರ ಅಭಿಪ್ರಾಯ ಕೊಡಬೇಕಂತೆ. ‘ಬಡಾವಣೆಯೊಳಗೆ ಬೇಡ, ಪಾರ್ಕಿಂಗ್ ತೊಂದರೆ ಆಗುತ್ತದೆ’ ಎಂದು ಪತ್ರ ರೆಡಿ ಮಾಡಿದ್ದೇನೆ. ಒಪ್ಪಿಗೆ ಇದ್ದವರು ತಿಳಿಸಿ.

ಬಿ ಬ್ಲಾಕ್ ಕಾರ್ನರ್ ಮನೆ, 7:58
ಒಪ್ಪಿಗೆ. ಹೊರಗಿನವರ ಓಡಾಟ ಜಾಸ್ತಿ ಆಗುತ್ತೆ.

ಎ ಬ್ಲಾಕ್ 16, 7:59
ಒಪ್ಪಿಗೆ.

3ನೇ ಕ್ರಾಸ್ ಟೀಚರ್, 8:20
ಕಾರ್ಯದರ್ಶಿಗಳೇ, ಈ ಗುಂಪಿನಲ್ಲಿ ಆ ಕ್ಲಿನಿಕ್‌ಗೆ ಹೋಗುವವರು ಎಷ್ಟು ಜನ? ಕೈ ಎತ್ತಲಿ ನೋಡೋಣ. ಮತ್ತೆ ಹೊರಗಿನವರು ಅಂದರೆ ಯಾರು ಸರ್? ನಮ್ಮ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು ದಿನಾ ಆರೂವರೆಗೆ ಗೇಟಿನ ಒಳಗೇ ಬರುತ್ತಾರಲ್ಲ?

ಎ ಬ್ಲಾಕ್ 9, 8:24
ನೀರಿನ ಟ್ಯಾಂಕರ್ ಬಂತಾ? ಸಂಪ್ ಪೂರ್ತಿ ಖಾಲಿ.

ಬಿ ಬ್ಲಾಕ್ ಕಾರ್ನರ್ ಮನೆ, 8:31
ಟೀಚರ್, ನಾನು ಯಾರನ್ನೂ ಕೀಳಾಗಿ ಹೇಳಲಿಲ್ಲ. ನಮ್ಮ ರಸ್ತೆ ಇರುವುದೇ 20 ಅಡಿ. ಅಲ್ಲದೆ ಕಾಲೊನಿಯವರಲ್ಲಿ ಅರ್ಧಕ್ಕರ್ಧ ಗಾರ್ಮೆಂಟ್ಸ್‌ನವರು. ಅವರಿಗೆ ಇಎಸ್‌ಐ ಆರೋಗ್ಯ ವಿಮೆ ಇದೆ.

5ನೇ ಕ್ರಾಸ್ ಸಿಸ್ಟರ್, 9:05
ಗಾರ್ಮೆಂಟ್ಸ್‌ನವರಿಗೆ ಇದೆ, ನಿಜ. ಮನೆಗೆಲಸದವರಿಗೆ ಇಲ್ಲ. ಗಾರೆ ಕೆಲಸದ ದಿನಗೂಲಿಯವರಲ್ಲಿ ಹೆಚ್ಚಿನವರಿಗೆ, ತಳ್ಳುಗಾಡಿಯವರಿಗೆ ಇಲ್ಲ. ಇಂಥವರನ್ನು ನೆನೆದೇ ಈ ಕ್ಲಿನಿಕ್ ಮಾಡಿದ್ದು. 2022ರ ಡಿಸೆಂಬರ್‌ನಲ್ಲಿ ಶುರುವಾದಾಗ ರಾಜ್ಯಕ್ಕೆ 438 ಅಂತ ಲೆಕ್ಕ ಹಾಕಿದ್ದರು. ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೆ ಒಂದು. ಒಬ್ಬರು ಡಾಕ್ಟರ್, ಒಬ್ಬರು ನರ್ಸ್, ಒಬ್ಬರು ಲ್ಯಾಬ್ ಟೆಕ್ನಿಷಿಯನ್. ಬಿಪಿ, ಶುಗರ್ ಮಾತ್ರೆ ಅಲ್ಲೇ ಉಚಿತ. ನಡೆದು ಹೋಗುವಷ್ಟು ಹತ್ತಿರ ಇರಬೇಕು ಅನ್ನೋದೇ ಅದರ ಗುಟ್ಟು. ರಿಂಗ್ ರೋಡ್ ದಾಟಿ, ಮೆಟ್ಟಿಲು ಹತ್ತಿ ಹೋಗುವ ಹಾಗಿದ್ದರೆ ಮಂಡಿನೋವಿನ ಅಜ್ಜಿ ಮನೆಯಲ್ಲೇ ಕೂರುತ್ತಾಳೆ. ಇನ್ನು ಪಾರ್ಕಿಂಗ್ ವಿಷಯ. ಅಲ್ಲಿಗೆ ಬರುವವರು ಕಾರಿನಲ್ಲಿ ಬರೋದಿಲ್ಲ ಸರ್.

ಮೆಡಿಕಲ್ ಅಂಗಡಿ, 9:40
ನಾನೊಂದು ಮಾತು ಹೇಳ್ತೀನಿ. ಕ್ಲಿನಿಕ್ ದೂರ ಹೋದರೆ ನನಗೆ ವ್ಯಾಪಾರ ಜಾಸ್ತಿ, ಆದರೂ ಹೇಳ್ತೀನಿ. ಸಂಜೆ ಏಳರ ಮೇಲೆ ಕಾಲೊನಿಯವರು ಬರುತ್ತಾರೆ. ಬಿಪಿ ಮಾತ್ರೆ ಯಾರೂ ಸ್ಟ್ರಿಪ್ ಪೂರ್ತಿ ಕೇಳೋದಿಲ್ಲ. ‘ಮೂರು ಕತ್ತರಿಸಿ ಕೊಡಣ್ಣ’ ಅಂತಾರೆ. ಪಕ್ಕದಲ್ಲೇ ತಿಂಗಳ ಮಾತ್ರೆ ಪುಕ್ಕಟೆ ಕೊಡ್ತಾರಲ್ಲಕ್ಕಾ ಅಂದರೆ ಒಂದೇ ಉತ್ತರ: ‘ನಾವು ಬರೋ ಹೊತ್ತಿಗೆ ಬಾಗಿಲು ಹಾಕಿರುತ್ತೆ.’ ಒಬ್ಬರಂತೂ ದಿನ ಬಿಟ್ಟು ದಿನ ನುಂಗುತ್ತಾರೆ. ಸ್ಟ್ರಿಪ್ ಹಿಂದೆ ಪೆನ್ನಿನಲ್ಲಿ ಸೋ, ಬು, ಶು ಅಂತ ಬರೆದುಕೊಂಡಿದ್ದರು.

3ನೇ ಕ್ರಾಸ್ ಟೀಚರ್, 9:47
ಅಂದರೆ ಜಾಗ ಅರ್ಧ ಪ್ರಶ್ನೆ ಅಷ್ಟೇ. ಒಂಬತ್ತರಿಂದ ನಾಲ್ಕೂವರೆ ಅನ್ನುವ ಸಮಯ ಇನ್ನರ್ಧ. ಅದು ನಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಹೇಗಿರುತ್ತೆ, ನಾವು ಕ್ಲಿನಿಕ್‌ಗೆ ಹೋಗೋದೇ ಇಲ್ಲವಲ್ಲ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, 10:15
ಸ್ವಲ್ಪ ಹಿನ್ನೆಲೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪಾಲಿಕೆ, ಅಂದರೆ ಬಿಬಿಎಂಪಿ, ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ಪಾಲಿಕೆಯೇ ಐದು ಭಾಗವಾಯಿತು. ಇಷ್ಟು ವರ್ಷ ಕೇಳೋಕೆ ಕಾರ್ಪೊರೇಟರ್ ಇಲ್ಲದೆ, ಅಧಿಕಾರಿಗಳಿಗೆ ಸುಲಭಕ್ಕೆ ಸಿಗುವ ‘ಸಾರ್ವಜನಿಕರು’ ಅಂದರೆ ನಮ್ಮಂಥ ಸಂಘಗಳೇ ಆಗಿದ್ದೇವೆ. ಲೆಟರ್‌ಹೆಡ್ ಇದೆ, ಸೀಲ್ ಇದೆ. ಆದರೆ ಹಳೇ ವಾರ್ಡ್ ಸಮಿತಿ ನಿಯಮ ನೋಡಿ. ಹತ್ತು ಸದಸ್ಯರಲ್ಲಿ ನಿವಾಸಿ ಸಂಘಗಳಿಗೆ ಕನಿಷ್ಠ ಎರಡು ಸ್ಥಾನ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕನಿಷ್ಠ ಎರಡು, ಮಹಿಳೆಯರಿಗೆ ಕನಿಷ್ಠ ಮೂರು. ಕಾನೂನೇ ನಮ್ಮನ್ನು ಇಡೀ ವಾರ್ಡ್ ಅಂತ ಒಪ್ಪಿಲ್ಲ. ಕಾರ್ಯದರ್ಶಿಗಳು ಬೇಜಾರು ಮಾಡಿಕೊಳ್ಳಬಾರದು. ಈ ಪತ್ರಕ್ಕೆ ನನ್ನ ಸಹಿ ಇಲ್ಲ.

ಸಂಘದ ಕಾರ್ಯದರ್ಶಿ, 10:22
ಬೇಜಾರೇನಿಲ್ಲ ಸರ್. ಹಾಗಾದರೆ ಭಾನುವಾರ ಬೆಳಿಗ್ಗೆ 11ಕ್ಕೆ ಕ್ಲಬ್‌ಹೌಸ್‌ನಲ್ಲಿ ಸಭೆ ಕರೆಯೋಣ. ಕಾಲೊನಿಯಿಂದಲೂ ಇಬ್ಬರು ಬರಲಿ.

5ನೇ ಕ್ರಾಸ್ ಸಿಸ್ಟರ್, 10:50
ಇಬ್ಬರು ಬಂದು ಚಪ್ಪಲಿ ಹೊರಗೆ ಬಿಟ್ಟು, ಹಿಂದೆ ಗೋಡೆಗೆ ಒರಗಿ ನಿಂತು, ‘ನೀವು ಹೇಳಿದಂಗೆ ಸರ್’ ಅಂದು ಹೋಗುತ್ತಾರೆ. ನಾವೇ ಅಲ್ಲಿಗೆ ಹೋಗೋಣ. ಅಂಗನವಾಡಿ ಇದೆ. ಸಂಜೆ ಐದು ಗಂಟೆ ಆಗಬಹುದು, ಬಟ್ಟೆ ಒಗೆದು ಅಡುಗೆಗೆ ಕೂರುವ ಮುಂಚೆ. ಅಲ್ಲಿನ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡ್ತೀನಿ.

ಇನ್ನೊಂದು ವಿಷಯ, ಬಹಳ ಜನಕ್ಕೆ ಗೊತ್ತಿಲ್ಲ. 2013ರಲ್ಲಿ ನಗರ ಆರೋಗ್ಯ ಅಭಿಯಾನ ಬಂದಾಗಿನಿಂದ ಇಂಥ ಕಡೆ ಐವತ್ತರಿಂದ ನೂರು ಮನೆಗೆ ಒಂದು ಮಹಿಳಾ ಆರೋಗ್ಯ ಸಮಿತಿ ಇರಬೇಕು. ವರ್ಷಕ್ಕೆ 5,000 ರೂಪಾಯಿ ಬರುತ್ತೆ. ಹೇಗೆ ಖರ್ಚು ಮಾಡಬೇಕು ಅಂತ ಆ ಹೆಂಗಸರೇ ಕೂತು ತೀರ್ಮಾನ ಮಾಡಬೇಕು. ಕಾಲೊನಿಯಲ್ಲಿ ಸಮಿತಿ ಕಾಗದದ ಮೇಲೆ ಇದೆಯಾ, ನಿಜವಾಗಲೂ ಕೂರುತ್ತಾ ಅಂತ ಅಲ್ಲೇ ಕೇಳೋಣ.

ಸರ್ವೀಸಿನಲ್ಲಿ ಇದ್ದಾಗ ಕೇಳಿದ್ದು ಹೇಳ್ತೀನಿ. 2007ರ ಹೊತ್ತಿಗೆ ಒಂಬತ್ತು ರಾಜ್ಯಗಳಲ್ಲಿ ಒಂದು ಪ್ರಯೋಗ ಮಾಡಿದರು. ಕರ್ನಾಟಕವೂ ಇತ್ತು. ಊರಿನವರೇ ಆಸ್ಪತ್ರೆ ಸೇವೆಗೆ ಹಸಿರು, ಹಳದಿ, ಕೆಂಪು ಅಂತ ಅಂಕ ಕೊಡೋದು. ಆಮೇಲೆ ಅಧಿಕಾರಿಗಳ ಎದುರು ಅಹವಾಲು ಸಭೆ. ಓದು ಬರದವರಿಗೂ ಬಣ್ಣ ಗೊತ್ತಾಗುತ್ತೆ. ಇಲ್ಲೂ ಹಾಗೇ ಮಾಡೋಣ. ಸಮಯ, ದೂರ, ಔಷಧಿ ಸಿಗೋದು, ಮಾತಾಡಿಸುವ ರೀತಿ, ಒಂದೊಂದಕ್ಕೂ ಬಣ್ಣ ಕೇಳೋಣ.

ಎ ಬ್ಲಾಕ್ 16, 11:02
ಬೆಳಿಗ್ಗೆ ಸುಮ್ನೆ ಒಪ್ಪಿಗೆ ಅಂದಿದ್ದೆ. ಲೆಕ್ಕಕ್ಕೆ ತಗೋಬೇಡಿ. ಚಾರ್ಟ್ ಪೇಪರ್, ಬಣ್ಣದ ಸ್ಟಿಕ್ಕರ್ ನನ್ನ ಮಗಳು ತರುತ್ತಾಳೆ.

3ನೇ ಕ್ರಾಸ್ ಟೀಚರ್, 11:10
ಗಂಡಸರು ಹೆಂಗಸರು ಬೇರೆ ಬೇರೆ ಕೂರೋಣ ಸಿಸ್ಟರ್. ಬಿಳಿಸೆರಗು, ಗರ್ಭಕೋಶದ ತೊಂದರೆ ಎಲ್ಲ ಗಂಡಸರ ಮುಂದೆ ಬಾಯಿ ಬಿಡೋದಿಲ್ಲ. ತಮಿಳು, ತೆಲುಗು ಬರುವವರೂ ಇಬ್ಬರು ಬೇಕು.

ಬಿ ಬ್ಲಾಕ್ ಕಾರ್ನರ್ ಮನೆ, 11:26
ತೆಲುಗು ನನಗೆ ಬರುತ್ತೆ. ಬರ್ತೀನಿ. ಆದರೆ ರಸ್ತೆ ವಿಷಯವೂ ಪತ್ರದಲ್ಲಿ ಇರಬೇಕು. ಆಂಬುಲೆನ್ಸ್ ತಿರುಗೋಕೆ ಜಾಗ ಇಲ್ಲ ಅನ್ನೋದು ಸುಳ್ಳಲ್ಲ, ಅಲ್ವಾ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, 11:30
ಖಂಡಿತ ಇರಲಿ. ಯಾರು ಏನು ಹೇಳಿದರು ಅಂತ ಬೇರೆ ಬೇರೆಯಾಗಿಯೇ ಬರೆಯೋಣ. ಎಲ್ಲ ಕಲಸಿ ‘ಸರ್ವಾನುಮತ’ ಅಂತ ಹಾಕೋದು ಬೇಡ. ಅಲ್ಲಿನವರ ಮಾತಿಗೆ ಅಲ್ಲಿನವರದೇ ಸಹಿ, ಇಲ್ಲವೇ ಹೆಬ್ಬೆಟ್ಟು. ಸ್ವೀಕೃತಿ ಸೀಲ್ ಹಾಕಿಸಿದ ಪ್ರತಿ ಅವರ ಹತ್ತಿರವೂ ಒಂದು ಇರಲಿ. ನಾಳೆ ಏನಾಯಿತು ಅಂತ ಆರ್‌ಟಿಐ ಹಾಕೋಕೆ ಅದು ಬೇಕಾಗುತ್ತೆ.

ಎ ಬ್ಲಾಕ್ 9, 11:33
ಟ್ಯಾಂಕರ್???

ಮೆಡಿಕಲ್ ಅಂಗಡಿ, 11:34
ಬರ್ತಾ ಇದೆ ಸರ್, ಸರ್ಕಲ್ ಹತ್ತಿರ ನೋಡಿದೆ.

ಸಂಘದ ಕಾರ್ಯದರ್ಶಿ, ಮಧ್ಯಾಹ್ನ 1:15
ಆಫೀಸಿಗೆ ಫೋನ್ ಮಾಡಿದೆ. ಸೋಮವಾರದ ಬದಲು ಇನ್ನೊಂದು ವಾರ ಕೊಡಿ ಅಂದೆ. ಬರವಣಿಗೆಯಲ್ಲಿ ಕೇಳಿ ಅಂದರು. ಹಳೇ ಪತ್ರ ಕಳಿಸುತ್ತಿಲ್ಲ. ಭಾನುವಾರ ಸಂಜೆ 5ಕ್ಕೆ ಅಂಗನವಾಡಿ. ಜಮಖಾನ ಕ್ಲಬ್‌ಹೌಸ್‌ನಿಂದ ತರೋಣ, ಕುರ್ಚಿ ಬೇಡ. ಗಡುವು ಕೇಳುವ ಅರ್ಜಿ ಇವತ್ತೇ ಹೋಗಬೇಕು. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರು ಯಾರಿದ್ದೀರಿ?