ಗೋವಿನಜೋಳ ಈಗಲೇ ಮಾರೋದಾ, ತಡೆಯೋದಾ?

ಕೇಳಿದವರು, ಹಾವೇರಿ ಕಡೆಯವರು (ಡಿಸೆಂಬರ್ 2025): ಸುಮಾರು 100 ಕ್ವಿಂಟಲ್ ಗೋವಿನಜೋಳ (ಮೆಕ್ಕೆಜೋಳ) ಕಣದಲ್ಲಿ ರಾಶಿ ಬಿದ್ದಿದೆ. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಅಂತಾರೆ. ದಲಾಲಿ ಅಂಗಡಿಯಲ್ಲಿ 1,700ರ ಮೇಲೆ ಯಾರೂ ಕೂಗುತ್ತಿಲ್ಲ. ನಾಲ್ಕು ತಿಂಗಳು ಇಟ್ಟರೆ ಏರುತ್ತಾ? ಇಟ್ಟು ನೋಡಿದವರು ಹೇಳಿ.

ದಾವಣಗೆರೆ ಕಡೆಯ ರೈತ: ಅಣ್ಣಾ, ನಾನು ಎರಡು ಸಲ ಇಟ್ಟವನು. ಒಮ್ಮೆ ಗೆದ್ದೆ, ಒಮ್ಮೆ ಸೋತೆ.

ಗೆದ್ದಿದ್ದು 2024ರಲ್ಲಿ. ನನ್ನ ಜಾಣತನ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಜ ಬೇರೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥನಾಲ್ (ಪೆಟ್ರೋಲ್‌ಗೆ ಬೆರೆಸೋದು) ಮಾಡೋದಕ್ಕೆ ಕಡಿವಾಣ ಹಾಕಿತು. ಕಾರ್ಖಾನೆಯವರು ಮೆಕ್ಕೆಜೋಳಕ್ಕೆ ಮುಗಿಬಿದ್ದರು. ಕೋಳಿ ಆಹಾರದವರಿಗೂ ಅದೇ ಮಾಲು ಬೇಕು. ಅವರಿಬ್ಬರ ಪೈಪೋಟಿಯಲ್ಲಿ ನಮಗೆ ರೇಟು ಬಂತು.

ಆ ರೇಟು ನೋಡಿ ಎಲ್ಲರೂ ಅದನ್ನೇ ಬಿತ್ತಿದರು. ಈ ಮುಂಗಾರಿನಲ್ಲಿ ರಾಜ್ಯದಲ್ಲಿ 17 ಲಕ್ಷ ಹೆಕ್ಟೇರ್ ದಾಟಿತು. ಅತ್ತ ಆಹಾರ ನಿಗಮದ ಗೋದಾಮಿನಲ್ಲಿ ಅಕ್ಕಿ ತುಂಬಿ ತುಳುಕುತ್ತಿತ್ತು. 2025ರಲ್ಲಿ ಅದನ್ನು ಕ್ವಿಂಟಲ್‌ಗೆ 2,250ರಂತೆ ಎಥನಾಲ್‌ಗೆ ಕೊಟ್ಟರು. ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್ ಎಥನಾಲ್ ಬರುತ್ತೆ, ಅಕ್ಕಿಗೆ ಅದಕ್ಕಿಂತ ಜಾಸ್ತಿ. ಕಾರ್ಖಾನೆಯವನು ಲೆಕ್ಕ ಹಾಕದೆ ಬಿಡ್ತಾನಾ? ಅದಕ್ಕೇ, ಹಳೇ ರೇಟು ನೆನೆಸಿಕೊಂಡು ಕೂರಬೇಡಿ.

ಸೋತಿದ್ದು ಅದಕ್ಕೂ ಮುಂಚೆ. ಸರಿಯಾಗಿ ಒಣಗಿಸದೆ ಟಾರ್ಪಾಲ್ ಹೊದಿಸಿಬಿಟ್ಟೆ. ಹದಿನೈದು ದಿನ ಬಿಟ್ಟು ರಾಶಿಯೊಳಗೆ ಕೈ ತೂರಿಸಿದರೆ ಬಿಸಿ ಬಿಸಿ. ಕಾಳಿನ ಮೂತಿ ಕಪ್ಪಾಗಿತ್ತು, ಮುಗ್ಗಲು ವಾಸನೆ. ಸಿಕ್ಕಿದ ರೇಟು ಮನೆಯವಳಿಗೆ ಇವತ್ತಿಗೂ ಸರಿಯಾಗಿ ಹೇಳಿಲ್ಲ.

ನಿಮ್ಮ ಲೆಕ್ಕ ಹಾಕೋಣ. ತೇವ ನೂರಕ್ಕೆ 18 ಇದೆ ಅಂದುಕೊಳ್ಳಿ. 14ಕ್ಕೆ ಇಳಿಸಿದರೆ 100 ಕ್ವಿಂಟಲ್ ಸುಮಾರು 95 ಆಗುತ್ತೆ. ಈಗ ಕೈಗೆ ಬರುವ 1,70,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಹಿಡಿದರೆ ನಾಲ್ಕು ತಿಂಗಳಿಗೆ 6,800. ಅಂದರೆ ಏಪ್ರಿಲ್‌ನಲ್ಲಿ 1,860 ಸಿಕ್ಕರೂ ಈಗಿನ 1,700ಕ್ಕೆ ಸಮ, ಅಷ್ಟೇ. ಚೀಲ, ಹಮಾಲಿ, ಬಾಡಿಗೆ, ನುಸಿ ತಿಂದಿದ್ದು ಬೇರೆ. ಸಾಲ ತೀರುವಷ್ಟು ಈಗ ಮಾರಿ, ಒಣಗಿದ್ದನ್ನು ಮಾತ್ರ ಇಡಿ. ನಾನಾಗಿದ್ದರೆ ಅರ್ಧಕ್ಕಿಂತ ಜಾಸ್ತಿ ಇಡುತ್ತಿರಲಿಲ್ಲ.

ಕೋಳಿ ಆಹಾರದ ಮಿಲ್‌ಗೆ ಮಾಲು ಕೊಳ್ಳುವವನು: ಬೈಬೇಡಿ, ನಾನು ಆ ಕಡೆಯವನು. ತೇವ 14ರೊಳಗಿದ್ದು ಬೂಷ್ಟು ಇಲ್ಲದಿದ್ದರೆ ನಾವು ಚೌಕಾಸಿ ಕಮ್ಮಿ ಮಾಡ್ತೀವಿ. ಬೂಷ್ಟು ಬಂದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಕೋಳಿ ಸೊರಗುತ್ತವೆ. ಇನ್ನೊಂದು ಮಾತು. ಎಥನಾಲ್ ತೆಗೆದ ಮೇಲೆ ಉಳಿಯುವ ಹಿಂಡಿ ಈಗ ನಮಗೇ ಬರುತ್ತಿದೆ. ಅದು ಬಂದಷ್ಟೂ ಸೋಯಾ ಹಿಂಡಿ, ಮೆಕ್ಕೆಜೋಳ ಎರಡನ್ನೂ ಸ್ವಲ್ಪ ಕಮ್ಮಿ ಕೊಳ್ತೀವಿ.

ತುಮಕೂರು ಕಡೆಯವರು: ನಾವು ರಾಗಿಯವರು. ಈ ವರ್ಷ ಬೆಂಬಲ ಬೆಲೆ 4,886. ಪಡಿತರಕ್ಕೆ ಬೇಕು ಅಂತ ಸರ್ಕಾರವೇ ಕೊಳ್ಳುತ್ತೆ. ನಮ್ಮಜ್ಜ ಹಗೇವಿನಲ್ಲಿ, ಅಂದರೆ ಧಾನ್ಯ ತುಂಬಿಡೋ ನೆಲದ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಆ ಧೈರ್ಯ ಮೆಕ್ಕೆಜೋಳದಲ್ಲಿ ಬೇಡ. ಬೆಂಬಲ ಬೆಲೆಗೆ ಕೊಳ್ಳುವ ಕೇಂದ್ರ ನಿಮ್ಮ ತಾಲ್ಲೂಕಿನಲ್ಲಿ ತೆರೆದಿದೆಯಾ, ಒಬ್ಬರಿಂದ ಎಷ್ಟು ಕ್ವಿಂಟಲ್ ತಗೋತಾರೆ, ಮೊದಲು ಅದನ್ನು ಕೇಳಿ.

ಗಂಗಾವತಿಯ ಭತ್ತದವರು: 2023ರ ಜುಲೈನಲ್ಲಿ ಬಿಳಿ ಅಕ್ಕಿ ರಫ್ತು ನಿಲ್ಲಿಸಿದರು, 2024ರ ಸೆಪ್ಟೆಂಬರ್‌ನಲ್ಲಿ ಬಿಟ್ಟರು. ಎರಡೂ ಸಲ ನಮಗೆ ಗೊತ್ತಾಗಿದ್ದು ಬೆಳಗ್ಗೆ ಮೊಬೈಲ್ ನೋಡಿದಾಗ. ಮಾಲು ಇಟ್ಟವನು ದೆಹಲಿ ಸುದ್ದಿ ಕಡೆಗೂ ಒಂದು ಕಿವಿ ಇಟ್ಟಿರಬೇಕು.

ರಾಣೆಬೆನ್ನೂರು ಕಡೆಯವರು: ಇಡೋದೇ ಆದರೆ ನೋಂದಾಯಿತ ಗೋದಾಮಿನಲ್ಲಿ ಇಡ್ರಿ. ಅವರು ಕೊಡುವ ರಸೀದಿ ಮೇಲೆ ಬ್ಯಾಂಕ್ ಸಾಲ ಸಿಗುತ್ತೆ. ಕೈಸಾಲಕ್ಕಿಂತ ಬಡ್ಡಿ ಕಮ್ಮಿ ಬಿತ್ತು ನನಗೆ.

ಕೇಳಿದವರು: ಎಲ್ಲರಿಗೂ ನಮಸ್ಕಾರ. ಇವತ್ತು ಅಂಗಡಿಗೆ ಒಯ್ದು ತೇವ ನೋಡಿಸಿದೆ, 17 ಬಂತು. ಅರವತ್ತು ಕ್ವಿಂಟಲ್ ಕಳಿಸಿ ಗೊಬ್ಬರದ ಬಾಕಿ ತೀರಿಸ್ತೀನಿ. ಉಳಿದದ್ದು ನಾಳೆಯಿಂದ ಬಿಸಿಲಿಗೆ. ಮೋಡ ಕಟ್ಟದಿದ್ದರೆ ಸಾಕು.