ಸಹಾಯ ಬೇಕು: ಮನೆ ಖಾಲಿ ಮಾಡಿ ಎರಡು ತಿಂಗಳಾಯ್ತು, ಅಡ್ವಾನ್ಸ್ ವಾಪಸ್ ಬಂದಿಲ್ಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಮೂರು ವರ್ಷ ಬಾಡಿಗೆಗಿದ್ದೆವು. ಬಾಡಿಗೆ 18,000, ಅಡ್ವಾನ್ಸ್ 1,50,000. ಮೊದಲೇ ತಿಳಿಸಿ, ಕರೆಂಟ್ ಬಿಲ್ ಕಟ್ಟಿ, ಕೀ ಕೊಟ್ಟು ಬಂದೆವು. ಅವತ್ತು ಓನರ್ ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಗೋಡೆ ನೋಡಿದರು. ಕ್ಯಾಲೆಂಡರ್ ಹಾಕಿದ್ದ ಮೊಳೆ ತೂತಿಗೇ ಅರ್ಧ ಗಂಟೆ ಮಾತು! ಈಗ ಪೇಂಟಿಂಗ್‌ಗೆ 45,000 ಹಿಡಿಯುತ್ತಾರಂತೆ. ಅಗ್ರಿಮೆಂಟಿನಲ್ಲಿ ಇರುವುದು ಒಂದು ತಿಂಗಳ ಬಾಡಿಗೆ ಮಾತ್ರ. ಮಿಕ್ಕಿದ್ದಕ್ಕೂ "ಹೊಸಬರು ಬರಲಿ, ಕೊಡ್ತೀನಿ" ಅಂತಾರೆ.

ಸ್ಟೇಷನ್‌ಗೆ ಹೋದರೆ, ಇದು ಸಿವಿಲ್ ವಿಷಯ ಎಂದು ಕಳಿಸಿದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನೋಡಿದೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದರೆ ಅದು ಅನ್ವಯಿಸುವುದಿಲ್ಲ. ಈಗ ಆ ದುಡ್ಡಿಗೆ ಇಲ್ಲಿ ಕಾರ್ ಶೆಡ್ಡೂ ಸಿಗಲ್ಲ, ಅಲ್ವಾ?

ನಮ್ಮದು 11 ತಿಂಗಳ ಅಗ್ರಿಮೆಂಟ್. ರಿಜಿಸ್ಟರ್ ಮಾಡಿಸಿಲ್ಲ, ಆಮೇಲೆ ರಿನ್ಯೂವಲ್ಲೂ ಆಗಿಲ್ಲ. ಸುಮ್ನೆ ಬಾಯಿ ಮಾತಲ್ಲೇ ನಡೆಯಿತು. ಅಡ್ವಾನ್ಸ್ ಬ್ಯಾಂಕಿನಿಂದಲೇ ಕಳಿಸಿದ್ದು, ವಾಟ್ಸಾಪ್ ಮೆಸೇಜುಗಳೂ ಇವೆ.

ಅವಧಿ ಮುಗಿದ ಅಗ್ರಿಮೆಂಟಿನ ಪೇಂಟಿಂಗ್ ಷರತ್ತು ಈಗಲೂ ನಿಲ್ಲುತ್ತದಾ? ವಕೀಲರಿಂದ ನೋಟಿಸ್ ಕೊಟ್ಟ ಮೇಲೂ ದುಡ್ಡು ಬರದಿದ್ದರೆ ಯಾವ ಕೋರ್ಟಿಗೆ ಹೋಗಬೇಕು? ಹೀಗೆ ವಾಪಸ್ ಪಡೆದವರು ಇದ್ದರೆ, ಎಷ್ಟು ಖರ್ಚಾಯ್ತು ಅಂತಲೂ ಹೇಳಿ, ಪ್ಲೀಸ್.