ಅಜ್ಜಿ "ಹಲ್ಲು ಚೆನ್ನಾಗೈತೆ" ಅಂದರು, ನನ್ನ ಹಾಳೆಯಲ್ಲಿ 25 ಬಂತು. ಯಾವುದನ್ನು ನಂಬಲಿ?

ಪಾವಗಡದ ಬಿಸಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಮುದಾಯ ದಂತ ವೈದ್ಯಕೀಯದಲ್ಲಿ ಎಂಡಿಎಸ್ ಎರಡನೇ ವರ್ಷದಲ್ಲಿದ್ದೇನೆ. ಥೀಸಿಸ್‌ಗೆ ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ 65 ರಿಂದ 74 ವರ್ಷದವರ ಬಾಯಿ ನೋಡುತ್ತಿದ್ದೇನೆ. ಮೊದಲು ಓಹಿಪ್-14 ಅನ್ನುವ ಪ್ರಶ್ನಾವಳಿಯ ಹದಿನಾಲ್ಕು ಪ್ರಶ್ನೆ ಕೇಳುತ್ತೇನೆ. ಬಾಯಿಯ ತೊಂದರೆ ದಿನದ ಬದುಕಿಗೆ ಎಷ್ಟು ಅಡ್ಡಿಯಾಗಿದೆ ಅಂತ ಅಳೆಯುವುದು ಅದು, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಆಮೇಲೆ ಕನ್ನಡಿ, ಪ್ರೋಬ್ (ಹಲ್ಲು, ವಸಡು ಮುಟ್ಟಿ ನೋಡುವ ಸಣ್ಣ ಕಡ್ಡಿ) ಹಿಡಿದು ಪರೀಕ್ಷೆ.

ಹೋದ ವಾರ ಒಬ್ಬ ಅಜ್ಜಿ ಸಿಕ್ಕರು. 71 ವರ್ಷ. ಜಗಲಿ ಮೇಲೆ ಕೂರಿಸಿ, ಬೆಳಕಿನ ಕಡೆ ಮುಖ ಮಾಡಿಸಿ ನೋಡಿದೆ. ಉಳಿದಿರುವುದು 11 ಹಲ್ಲು. ಅದರಲ್ಲಿ 4 ಹುಳುಕು. ಕೆಳಗಿನ ಮುಂದಿನ ಎರಡು ಹಲ್ಲು ಕನ್ನಡಿ ತಾಗಿದರೆ ಸಾಕು, ಅಲ್ಲಾಡುತ್ತವೆ. ವಸಡು ಮುಟ್ಟಿದಲ್ಲೆಲ್ಲ ರಕ್ತ. ಹುಳುಕು 4, ಹೋಗಿರುವುದು 21, ತುಂಬಿಸಿದ್ದು ಒಂದೂ ಇಲ್ಲ. ಈ ಮೂರನ್ನೂ ಕೂಡಿದ ಲೆಕ್ಕ, ಅಂದರೆ ಡಿಎಂಎಫ್‌ಟಿ, 25 ಆಯಿತು. ಆದರೆ ಪ್ರಶ್ನಾವಳಿಯಲ್ಲಿ ಅವರ ಅಂಕ 56 ಕ್ಕೆ ಬರೀ 3. ನೋವು ಇದೆಯಾ? ಇಲ್ಲ. ಊಟಕ್ಕೆ ತೊಂದರೆ? ಇಲ್ಲ. "ನಂಗೇನಾಗೈತೆ ತಾಯಿ, ಹಲ್ಲು ಚೆನ್ನಾಗೈತೆ. ಮುದ್ದೆ ಉಣ್ತೀನಿ, ಕಣ್ತುಂಬ ನಿದ್ದೆ ಮಾಡ್ತೀನಿ" ಅಂದರು.

ಇವರೊಬ್ಬರೇ ಆಗಿದ್ದರೆ ಬಿಡಬಹುದಿತ್ತು. ಇದುವರೆಗೆ ನೋಡಿದವರಲ್ಲಿ ಹೆಚ್ಚಿನವರು ಹೀಗೇ. ಜೊತೆಯ ಪಿಜಿ ವಿದ್ಯಾರ್ಥಿಗಳು "ಹಳ್ಳಿಯವರಿಗೆ ಪ್ರಶ್ನೆ ಅರ್ಥ ಆಗಲ್ಲ, ಪರೀಕ್ಷೆಯ ಅಂಕ ಇಟ್ಕೋ ಸಾಕು" ಅನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆ ಆಗುತ್ತಿಲ್ಲ. ಅಜ್ಜಿಗೆ ಪ್ರಶ್ನೆ ಚೆನ್ನಾಗಿ ಅರ್ಥವಾಯಿತು. ಒಂದೊಂದಕ್ಕೂ ಸ್ವಲ್ಪ ಯೋಚಿಸಿಯೇ ಹೇಳಿದರು. ಹಾಗಾದರೆ ನಾನು ಎಲ್ಲಿ ಎಡವಿದೆ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಕನ್ನಡಿ ಮತ್ತು ಪ್ರೋಬ್ ಉತ್ತರ:

ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ಬೆರಳಲ್ಲಿ ಮುರಿದು, ಸಾರಲ್ಲಿ ಅದ್ದಿ, ಗುಳುಕ್ ಅಂತ ನುಂಗುತ್ತಾರೆ. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. 32 ಇದ್ದರೂ ಅಷ್ಟೇ, 11 ಇದ್ದರೂ ಅಷ್ಟೇ. ಅಜ್ಜಿ ನಿಮಗೆ ನಿಜವನ್ನೇ ಹೇಳಿದ್ದಾರೆ.

ನಾನು ಇಪ್ಪತ್ತು ವರ್ಷದಿಂದ ಬಾಯಿ ಸಮೀಕ್ಷೆ ಮಾಡುತ್ತಿದ್ದೇನೆ. ಇದು ನನಗೆ ಹೊಳೆದದ್ದು ನಿಮ್ಮ ಕಡೆಯದೇ ಒಂದು ಮನೆಯಲ್ಲಿ. ತಾತ "ಎಲ್ಲ ಸರಿಯಾಗೈತೆ" ಅಂದರು. ನಾನು ಸೊನ್ನೆ ಬರೆದುಕೊಂಡೆ. ಪಕ್ಕದಲ್ಲಿ ಸೊಸೆ ಕಡಲೆಕಾಯಿ ಸುಲಿಯುತ್ತಿದ್ದರು. ನನಗೆ ಒಂದು ಹಿಡಿ ಕೊಟ್ಟರು, ತಾತನಿಗೆ ಕೊಡಲಿಲ್ಲ. ಎದ್ದು ಹೋಗಿ, ಅವರ ಪಾಲನ್ನು ಬೆಲ್ಲದ ಜೊತೆ ಒರಳಲ್ಲಿ ಕುಟ್ಟಿ, ಪುಡಿ ಮಾಡಿ ತಂದುಕೊಟ್ಟರು. ಕೇಳಿದರೆ "ಐದು ವರ್ಷದಿಂದ ಹಿಂಗೇ" ಅಂದರು. ಆ ಮನೆಯಲ್ಲಿ ಒಬ್ಬರ ಹಲ್ಲಿನ ಕೆಲಸವನ್ನು ಇನ್ನೊಬ್ಬರ ಕೈ ಮಾಡುತ್ತಿತ್ತು. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನಾವು ಕೇಳುವ ಪ್ರಶ್ನೆಗಳು ಬೇರೆ ಊಟದ ನಾಡಿನಲ್ಲಿ ಹುಟ್ಟಿದವು. ಹಿರಿಯರಿಗಾಗಿ ಅಮೆರಿಕದಲ್ಲಿ ಮಾಡಿದ ಗೋಹೈ ಅನ್ನುವ ಪ್ರಶ್ನಾವಳಿ ನೋಡಿ, 1990 ರದ್ದು, 12 ಪ್ರಶ್ನೆ. ಅಗಿಯುವ ತೊಂದರೆ ಕೇಳುವಾಗ ಅದು ಕೊಡುವ ಉದಾಹರಣೆ ಗಟ್ಟಿ ಮಾಂಸ ಮತ್ತು ಸೇಬು. ನೀವು ಕಡಲೆಕಾಯಿ, ಕಬ್ಬು, ಚಕ್ಕುಲಿ, ಎಳೆ ಸೌತೆಕಾಯಿ ಹೆಸರು ಹಿಡಿದು ಕೇಳಿ. "ತಿಂತೀರಾ" ಅಂತ ಮಾತ್ರ ಕೇಳಬೇಡಿ, "ಮೊದಲು ತಿಂತಿದ್ದಿರಾ, ಯಾವಾಗ ಬಿಟ್ಟಿರಿ" ಅಂತಲೂ ಕೇಳಿ. ಆದರೆ ಓಹಿಪ್‌ನ ಹದಿನಾಲ್ಕನ್ನು ಮುಟ್ಟಬೇಡಿ. ಮುಟ್ಟಿದರೆ ಬೇರೆಯವರ ಅಂಕದ ಜೊತೆ ಹೋಲಿಸಲು ಬರುವುದಿಲ್ಲ. ನಿಮ್ಮವನ್ನು ಕೊನೆಗೆ ಬೇರೆಯಾಗಿ ಸೇರಿಸಿ.

ಇನ್ನು ಆ 25. ಅದನ್ನೂ ದೇವರ ಮಾತು ಅಂದುಕೊಳ್ಳಬೇಡಿ. ಡಿಎಂಎಫ್‌ಟಿ 1938 ರಿಂದ ಇರುವ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ 30 ದಾಟಿದವರಿಗೆ ಹಲ್ಲು ಯಾವ ಕಾರಣಕ್ಕೆ ಹೋಗಿದ್ದರೂ ಅದರೊಳಗೇ ಸೇರುತ್ತದೆ. ಅಜ್ಜಿಯ 21 ಹಲ್ಲು ಹುಳುಕಿಗೆ ಹೋದವೋ, ವಸಡು ಸಡಿಲವಾಗಿ ಬಿದ್ದವೋ, ಆ ಸಂಖ್ಯೆ ಹೇಳುವುದಿಲ್ಲ. ಉಳಿದ 11 ರಲ್ಲಿ ಮೇಲೆ ಎಷ್ಟು, ಕೆಳಗೆ ಎಷ್ಟು? ಎದುರುಬದುರು ಕೂಡುವ ಜೋಡಿ ಎಷ್ಟು? ಅಗಿಯಲು ಬೇಕಾಗಿರುವುದು ಅದು. ತಪ್ಪದೆ ಬರೆದುಕೊಳ್ಳಿ.

ಜನ ಎಲ್ಲವನ್ನೂ ತಪ್ಪು ಹೇಳುತ್ತಾರೆ ಅಂತಲೂ ಇಲ್ಲ. ಎಷ್ಟು ಹಲ್ಲು ಉಳಿದಿವೆ ಅಂದರೆ ಸುಮಾರು ಸರಿಯಾಗಿಯೇ ಹೇಳುತ್ತಾರೆ. ಎಡವುವುದು ವಸಡಿನ ವಿಷಯದಲ್ಲಿ. ರಕ್ತ ಬಂದರೆ "ಜೋರಾಗಿ ಉಜ್ಜಿದೆ" ಅಂದುಕೊಳ್ಳುತ್ತಾರೆ. ನಿಮ್ಮ ಕಡೆ ಬೋರ್ ನೀರಿನ ಫ್ಲೋರೈಡ್ ಕಲೆಯನ್ನೂ ಯಾರೂ ಹೇಳುವುದಿಲ್ಲ. ಊರಿನವರ ಹಲ್ಲೆಲ್ಲ ಅದೇ ಬಣ್ಣ ಇದ್ದರೆ ಯಾರಿಗೆ ತಾನೇ ಬೇರೆ ಅನಿಸುತ್ತದೆ?

ಪರೀಕ್ಷೆಯ ಬಗ್ಗೆ ಒಂದೇ ಮಾತು. ಪ್ರೋಬ್ ತುದಿಯ 0.5 ಮಿಲಿಮೀಟರ್ ಗುಂಡನ್ನು ನಿಮ್ಮ ಹೆಬ್ಬೆರಳ ಉಗುರಿನ ಕೆಳಗೆ ಇಟ್ಟು ಒತ್ತಿ. ಉಗುರು ಬೆಳ್ಳಗಾಗುವಷ್ಟೇ ಒತ್ತಡ ಸಾಕು, 20 ಗ್ರಾಂ ದಾಟಬಾರದು. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಮಾಡಿ. ಸಂಜೆ ಸುಸ್ತಾದಾಗ ಕೈ ಭಾರವಾಗುತ್ತದೆ, ಇಲ್ಲದ ರಕ್ತವೂ ಬರುತ್ತದೆ. ಪ್ರಶ್ನೆಯನ್ನು ಪರೀಕ್ಷೆಗಿಂತ ಮುಂಚೆ ಕೇಳುತ್ತಿದ್ದೀರಲ್ಲ, ಅದು ಸರಿ, ಹಾಗೇ ಮಾಡಿ. ಕನ್ನಡಿ ಬಾಯೊಳಗೆ ಹೋದ ಮೇಲೆ ಉತ್ತರ ಬದಲಾಗುತ್ತದೆ.

ಎರಡೂ ಅಂಕ ಇಟ್ಟುಕೊಳ್ಳಿ. ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲು ನಮ್ಮ ರಾಜ್ಯ 2014 ರಲ್ಲಿ ದಂತ ಭಾಗ್ಯ ಶುರು ಮಾಡಿತು. "ತೊಂದರೆ ಇಲ್ಲ" ಅನ್ನುವ 3 ಮಾತ್ರ ನಿಮ್ಮ ಥೀಸಿಸ್‌ನಲ್ಲಿ ಉಳಿದರೆ, ಆ ಅಜ್ಜಿಗೆ ಸೆಟ್ ಬೇಕು ಅಂತ ಯಾರಿಗೆ ಗೊತ್ತಾಗಬೇಕು?

ಖಡಕ್ ರೊಟ್ಟಿ ಉತ್ತರ:

ನಾನು ಡಾಕ್ಟರ್ ಅಲ್ಲ. ವಿಜಯಪುರ ಕಡೆಯವನು. ಮುದ್ದೆ ಮಾತು ಓದಿ ನಮ್ಮ ಅವ್ವ ನೆನಪಾದರು. ನಮ್ಮಲ್ಲಿ ಖಡಕ್ ರೊಟ್ಟಿ, ಅದನ್ನು ನುಂಗಲು ಆಗುವುದಿಲ್ಲ. ದವಡೆ ಹಲ್ಲು ಎರಡು ಹೋದ ವಾರದಲ್ಲೇ ಅವ್ವ "ನನ್ನ ಬಾಯಿ ಕೆಟ್ಟೈತಿ" ಅಂತ ಹೇಳತೊಡಗಿದರು. ಈಗ ರೊಟ್ಟಿಯನ್ನು ಮುರಿದು ಹಾಲಲ್ಲಿ ನೆನೆಸಿ, ಮೆತ್ತಗಾಗುವವರೆಗೂ ಕಾದು ಉಣ್ಣುತ್ತಾರೆ. ನಮ್ಮೂರಲ್ಲಿ ಇದೇ ಪ್ರಶ್ನೆ ಕೇಳಿದರೆ ಅಂಕ ಜಾಸ್ತಿ ಬಂದೀತು ಅನಿಸುತ್ತದೆ.

ಇನ್ನೊಂದು ಹೇಳಬೇಕು. ಅವ್ವ ಈಗ ನಗುವಾಗ ಸೆರಗು ಬಾಯಿಗೆ ತರುತ್ತಾರೆ, ಮೊದಲು ಹಾಗಿರಲಿಲ್ಲ. "ನಾಚಿಕೆ ಅನಿಸುತ್ತಾ" ಅಂತ ಕೇಳಿದರೆ "ಈ ವಯಸ್ಸಿನ್ಯಾಗ ಎಂಥಾ ನಾಚಿಕಿ" ಅನ್ನುತ್ತಾರೆ. ಉತ್ತರ ಬರೆದುಕೊಳ್ಳುವಾಗ ಅವರ ಕೈ ಏನು ಮಾಡುತ್ತಿದೆ ಅಂತಲೂ ನೋಡಿ ಮೇಡಂ.

ಪಾವಗಡದ ಬಿಸಿಲು:

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ಅಜ್ಜಿ ಮನೆಗೆ ಮತ್ತೆ ಹೋಗಿದ್ದೆ. ಮೇಲೆ 3 ಹಲ್ಲು, ಕೆಳಗೆ 8. ಎದುರುಬದುರು ಕೂಡುವ ಜೋಡಿ ಒಂದೇ ಒಂದು, ಅದೂ ಮುಂದಿನದು. ಕಡಲೆಕಾಯಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. "ಕಾಯಿ ಕೀಳೋವಾಗ ಹೊಲದಾಗೆ ಕೂತು ಹಸೀದೇ ತಿಂತಿದ್ದೆ ಕಣವ್ವ. ಬಿಟ್ಟು ಬಲು ವರ್ಸ ಆತು" ಅಂದರು. ಆಮೇಲೆ ಕಬ್ಬಿನ ವಿಷಯ ಅವರೇ ತೆಗೆದರು.

ಹಲ್ಲು ಸೆಟ್‌ಗೆ ಚೀಟಿ ಬರೆದುಕೊಟ್ಟಿದ್ದೇನೆ, ಮೊಮ್ಮಗ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ಹೊಸ ಪ್ರಶ್ನೆ ಸೇರಿಸಲು ಎಥಿಕ್ಸ್ ಕಮಿಟಿಗೆ ಪತ್ರ ನಾಳೆ ಕೊಡುತ್ತೇನೆ. ಒಪ್ಪಿಗೆ ಸಿಕ್ಕಿದ ಕೂಡಲೇ ಮೊದಲು ನೋಡಿದ ಮನೆಗಳಿಗೆಲ್ಲ ಇನ್ನೊಂದು ಸುತ್ತು ಹೋಗಬೇಕು.